ಬೀಳಿಸಿದ್ದು ಸ್ನಾಯು, ಮುರಿದದ್ದು ಮೂಳೆ: ಮನೆತನದ ಎರಡು ಕಾಲಂ ಪಟ್ಟಿ ಬರೆಯುವುದು ಹೇಗೆ

ನನ್ನ ಅಮ್ಮ 71ನೇ ವಯಸ್ಸಿನಲ್ಲಿ ಕುರ್ಚಿಯಿಂದ ಏಳಲು ಹೋಗಿ ಪಕ್ಕಕ್ಕೆ ವಾಲಿ ಬಿದ್ದರು. ಅಷ್ಟೇ. ಜಾರಿದ್ದಲ್ಲ, ಎಡವಿದ್ದಲ್ಲ, ಎತ್ತರದಿಂದ ಬಿದ್ದದ್ದಂತೂ ಅಲ್ಲವೇ ಅಲ್ಲ. ತೊಡೆಮೂಳೆಯ ಮೇಲ್ತುದಿ ಮುರಿಯಿತು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ವಯಸ್ಸಾಯ್ತಲ್ಲ, ಮೂಳೆ ಸವೆದಿರುತ್ತೆ."

ನಾನೂ ತಲೆಯಾಡಿಸಿದೆ. ಆಮೇಲೆ ಆಸ್ಪತ್ರೆಯಲ್ಲಿ ಅವರ ಮಂಚದ ಪಕ್ಕ ಕೂತಿದ್ದಾಗ ಒಂದು ವಿಷಯ ನೆನಪಾಯಿತು. ಬೀಳುವ ಮೊದಲಿನ ನಾಲ್ಕೈದು ವರ್ಷ ಅಮ್ಮ ಕೈ ಊರದೆ ಎದ್ದದ್ದೇ ಇಲ್ಲ. ಕೈ ಇಲ್ಲದ ಕುರ್ಚಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಬಿಗಿಯಾದ ಮುಚ್ಚಳ ತೆಗೆಯಬೇಕಾದರೆ ನನ್ನನ್ನು ಕೂಗುತ್ತಿದ್ದರು. ಅವರ ಅಮ್ಮ, ನನ್ನ ಅಜ್ಜಿ, ಕೊನೆಯ ಹತ್ತು ವರ್ಷ ಗೋಡೆ ಹಿಡಿದೇ ನಡೆದರು. ಅವರ ಬೆನ್ನು ಬಾಗಿತ್ತು, ತೋಳು ಕಡ್ಡಿಯಂತಿತ್ತು. ಬಾಗಿದ ಬೆನ್ನು ಎಲ್ಲರಿಗೂ ನೆನಪಿದೆ. ಕಡ್ಡಿಯಂಥ ತೋಳು ಯಾರಿಗೂ ನೆನಪಿಲ್ಲ.

ಅಮ್ಮನನ್ನು ಬೀಳಿಸಿದ್ದು ಸ್ನಾಯು. ಬಿದ್ದಾಗ ಮುರಿದದ್ದು ಮೂಳೆ. ನಾವು ಎರಡನೆಯದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿದ್ದೆವು.

ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ನೋಡುವವಳು. ವಯಸ್ಸು 49. ಯಾವುದೇ ತಲೆಬಿಸಿ ಬಂದರೂ ಎರಡು ಕಾಲಂ ಎಳೆದು ಬರೆದರೆ ನನಗೆ ಸಮಾಧಾನ. ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಂಡು ಎಡಕ್ಕೆ "ಮೂಳೆ", ಬಲಕ್ಕೆ "ಸ್ನಾಯು" ಎಂದು ಬರೆದೆ. ಇದು ಆ ಪಟ್ಟಿಯ ಕತೆ. ನೀವೂ ಬರೆಯಬೇಕೆಂದಿದ್ದರೆ ಹೇಗೆ ಬರೆಯುವುದು, ನಾನು ಎಲ್ಲೆಲ್ಲಿ ತಪ್ಪಿದೆ, ಬರೆದ ಮೇಲೆ ಏನು ಮಾಡುವುದು ಎಂದು ಹೇಳುತ್ತೇನೆ.

ಎರಡನ್ನೂ ಒಂದೇ ಪುಟದಲ್ಲಿ ಯಾಕೆ ಬರೆಯಬೇಕು

ಮೂಳೆಯ ಸಾಂದ್ರತೆ ಒಬ್ಬರಿಂದ ಒಬ್ಬರಿಗೆ ಬೇರೆ ಇರುತ್ತದಲ್ಲ, ಆ ವ್ಯತ್ಯಾಸದ 50ರಿಂದ 80 ಪರ್ಸೆಂಟ್ ಹುಟ್ಟಿನಿಂದಲೇ ಬಂದದ್ದು ಎಂದು ಅವಳಿಗಳ ಮೇಲಿನ ಅಧ್ಯಯನಗಳು ಹೇಳುತ್ತವೆ. ಮೈಯಲ್ಲಿ ಸ್ನಾಯು ಎಷ್ಟಿದೆ ಎಂಬುದರಲ್ಲೂ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲು ಹಾಗೇ. ಇಲ್ಲಿ ಒಂದು ಎಚ್ಚರ ಬೇಕು. "60 ಪರ್ಸೆಂಟ್ ಜೀನ್" ಅಂದರೆ ನಿಮ್ಮ ಮೂಳೆಯಲ್ಲಿ 60 ಪಾಲು ಅಪ್ಪ ಅಮ್ಮ ಕೊಟ್ಟದ್ದು, 40 ನಿಮ್ಮದು ಎಂದಲ್ಲ. ಒಂದು ಗುಂಪಿನ ಜನರ ನಡುವಿನ ವ್ಯತ್ಯಾಸದ ಲೆಕ್ಕ ಅದು. ನಿಮ್ಮೊಬ್ಬರ ಹಣೆಬರಹ ಅಲ್ಲ. ನನ್ನ ತಮ್ಮ ಇದನ್ನು ಕೇಳಿ "ಹಾಗಾದ್ರೆ ಏನು ಮಾಡಿದ್ರೂ ಅಷ್ಟೇ" ಎಂದು ಕೈಚೆಲ್ಲಿದ್ದ. ತಪ್ಪು ಲೆಕ್ಕ.

ಗರ್ಭದಲ್ಲಿ ಮೂಳೆಯೂ ಸ್ನಾಯುವೂ ಬಹುಪಾಲು ಒಂದೇ ಪದರದ ಕೋಶಗಳಿಂದ ಹುಟ್ಟುತ್ತವೆ. ಮುಂದೆಯೂ ಎರಡೂ ಪರಸ್ಪರ ರಾಸಾಯನಿಕ ಸಂದೇಶ ಕಳಿಸಿಕೊಳ್ಳುತ್ತವೆ. ಒಂದೇ ಜೀನ್ ಎರಡು ಕಡೆ ಕೆಲಸ ಮಾಡುವುದೂ ಉಂಟು. 2017ರಲ್ಲಿ ಮಕ್ಕಳ ಮೇಲೆ ಒಂದು ದೊಡ್ಡ ಅಧ್ಯಯನ ಬಂತು. ಮೂಳೆ ಸಾಂದ್ರತೆ ಮತ್ತು ಸ್ನಾಯುವಿನ ತೂಕ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಜೀನ್‌ಗಳನ್ನು ಹುಡುಕಿದರು. ಎರಡಕ್ಕೂ ಸಂಬಂಧಪಟ್ಟ ಎಂಟು ಜಾಗ ಡಿಎನ್‌ಎಯಲ್ಲಿ ಸಿಕ್ಕವು. ಅದರಲ್ಲಿ ಏಳು ಮೊದಲೇ "ಮೂಳೆಯ ಜಾಗ" ಎಂದು ಗೊತ್ತಿದ್ದವು. ಎಂಟನೆಯದು ನನಗೆ ತುಂಬಾ ಇಷ್ಟವಾಯಿತು. ಎಸ್‌ಆರ್‌ಇಬಿಎಫ್1 ಎಂಬ ಜೀನ್ ಇರುವ ಜಾಗ ಅದು. ಅಲ್ಲಿನ ವ್ಯತ್ಯಾಸ ಸ್ನಾಯುವನ್ನು ಒಂದು ದಿಕ್ಕಿಗೂ ಮೂಳೆಯನ್ನು ಅದರ ಎದುರು ದಿಕ್ಕಿಗೂ ತಳ್ಳುತ್ತದೆ. ಅಂದರೆ ಒಂದರ ಖಾತೆಗೆ ಜಮೆ, ಇನ್ನೊಂದಕ್ಕೆ ಖರ್ಚು. ಹಾಗಾಗಿ ಮನೆಯಲ್ಲಿ ಯಾರೋ ಒಬ್ಬರು ಗಟ್ಟಿಮುಟ್ಟಾದ ತೋಳಿನವರು ಎಂದ ಮಾತ್ರಕ್ಕೆ ಅವರ ಮೂಳೆಯೂ ಗಟ್ಟಿ ಎಂದು ಬರೆದುಕೊಳ್ಳಬೇಡಿ. ಪ್ರತಿ ಕಾಲಂ ಬೇರೆಯಾಗಿ ತುಂಬಬೇಕು.

ಇನ್ನೊಂದು ದಾರಿಯೂ ಇದೆ. ಸ್ನಾಯು ಎಳೆದಂತೆ ಮೂಳೆ ಬೆಳೆಯುತ್ತದೆ. ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದು ಕೈಗಿಂತ ದಪ್ಪ ಇರುತ್ತದೆ. ಒಂದೇ ಮೈ, ಅದೇ ಜೀನ್, ಆದರೂ ಎರಡು ಕೈ ಬೇರೆ ಬೇರೆ. ಗಗನಯಾತ್ರಿಗಳಿಗೆ ಭಾರವೇ ಇಲ್ಲ. ಅವರ ಸೊಂಟದ ಭಾಗದ ಮೂಳೆ ತಿಂಗಳಿಗೆ ಸುಮಾರು 1ರಿಂದ 1.5 ಪರ್ಸೆಂಟ್ ಇಳಿಯುತ್ತದೆ. ಅಂದರೆ ಸ್ನಾಯುವಿಗೆಂದೇ ಇರುವ ಜೀನ್ ಕೂಡ ಸುತ್ತು ಹಾಕಿ ಮೂಳೆಗೆ ಬಂದು ತಟ್ಟಬಹುದು. ಮಯೋಸ್ಟ್ಯಾಟಿನ್ ಎಂಬುದು ಸ್ನಾಯು ಬೆಳವಣಿಗೆಗೆ ಬ್ರೇಕ್ ಹಾಕುವ ಪ್ರೊಟೀನ್. 1997ರಲ್ಲಿ ಅದರ ಜೀನ್ ಕೆಲಸ ಮಾಡದ ಇಲಿಗಳನ್ನು ಬೆಳೆಸಿದಾಗ ಸ್ನಾಯು ಎರಡು ಮೂರು ಪಟ್ಟು ಬೆಳೆಯಿತು. ಮುಂದೆ ಪರೀಕ್ಷಿಸಿದಾಗ ಅಂಥ ಇಲಿಗಳ ಮೂಳೆಯೂ ಗಟ್ಟಿ ಇತ್ತು.

ಈ ಎರಡನೇ ದಾರಿಯೇ ನಮ್ಮಂಥವರಿಗೆ ಆಸರೆ. ಜೀನ್ ಬದಲಿಸಲು ಆಗಲ್ಲ, ಎಳೆತ ಬದಲಿಸಬಹುದು.

ಕೇಳುವ ಮೊದಲು ಮಾತು ಸರಿಮಾಡಿಕೊಳ್ಳಿ

ನಾನು ಮೊದಲ ಸುತ್ತಿನಲ್ಲಿ ಫೋನ್ ಮಾಡಿ ಎಲ್ಲರಿಗೂ ಕೇಳಿದ ಪ್ರಶ್ನೆ: "ನಿಮಗೆ ಮೂಳೆ ಸವೆತ ಇದೆಯಾ?" ಒಂಬತ್ತು ಜನರಲ್ಲಿ ಏಳು ಜನ ಹೌದು ಅಂದರು. ನಮ್ಮ ಮನೆತನಕ್ಕೆ ಮೂಳೆಯೇ ಇಲ್ಲವೇನೋ ಎಂದು ಗಾಬರಿಯಾಯಿತು. ಆಮೇಲೆ ಕೆದಕಿ ಕೇಳಿದರೆ ಐದು ಜನ ಹೇಳಿದ್ದು ಮಂಡಿ ನೋವಿನ ಬಗ್ಗೆ!

ನಮ್ಮ ಮಾತಿನಲ್ಲಿ "ಮೂಳೆ ಸವೆತ" ಎರಡು ಬೇರೆ ಕಾಯಿಲೆಗೆ ಬಳಕೆಯಲ್ಲಿದೆ. ಮಂಡಿಯ ಕೀಲಿನ ಮೆದು ಪದರ ಸವೆಯುವುದು ಒಂದು. ಅದು ನೋಯುತ್ತದೆ. ಮೂಳೆಯೊಳಗೇ ಟೊಳ್ಳಾಗುವುದು ಇನ್ನೊಂದು, ಆಸ್ಟಿಯೋಪೊರೋಸಿಸ್. ಮುರಿಯುವ ತನಕ ಅದು ನೋಯುವುದೇ ಇಲ್ಲ. ನಮ್ಮ ಪಟ್ಟಿಗೆ ಬೇಕಾದದ್ದು ಎರಡನೆಯದು. "ಸೊಂಟ" ಅಂದರೂ ಅಷ್ಟೇ ಗೊಂದಲ. "ಸೊಂಟ ಹಿಡ್ಕೊಂಡಿತ್ತು" ಅಂದರೆ ಬೆನ್ನಿನ ಕೆಳಭಾಗ. "ಸೊಂಟ ಮುರೀತು" ಅಂದರೆ ಬಹುತೇಕ ತೊಡೆಮೂಳೆಯ ಮೇಲ್ತುದಿ. ಇನ್ನು ಸ್ನಾಯುವಿಗೆ ನಾವು ಹೇಳುವುದೇ "ನರ". ಕಾಲಿನಲ್ಲಿ ಬಲವಿಲ್ಲ ಅಂದರೆ "ನರ ವೀಕ್". ಅದರಲ್ಲಿ ಯಾವುದು ನಿಜವಾಗಿ ನರದ್ದು, ಯಾವುದು ಸ್ನಾಯುವಿನದು ಎಂದು ತಿಳಿಯಲು ಡಾಕ್ಟರೇ ಬೇಕು.

ಅದಕ್ಕೇ ಕಾಯಿಲೆಯ ಹೆಸರು ಕೇಳಬೇಡಿ. ನಡೆದದ್ದನ್ನು ಕೇಳಿ.

ಮೂಳೆ ಕಾಲಂಗೆ ನಾನು ಕೇಳಿದ್ದು ಇಷ್ಟು. 50 ದಾಟಿದ ಮೇಲೆ ಮೂಳೆ ಮುರಿದಿತ್ತಾ? ಯಾವ ಮೂಳೆ? ಹೇಗೆ ಬಿದ್ದಿರಿ? ಈ ಮೂರನೇ ಪ್ರಶ್ನೆ ಬಿಡಲೇಬಾರದು. ನಿಂತ ಎತ್ತರದಿಂದ ಅಥವಾ ಅದಕ್ಕಿಂತ ಕಡಿಮೆ ಎತ್ತರದಿಂದ ಬಿದ್ದು ಮುರಿದರೆ ಅದು ದುರ್ಬಲ ಮೂಳೆಯ ಗುರುತು. ವಾಹನ ಗುದ್ದಿ ಮುರಿದರೆ ಸದ್ಯಕ್ಕೆ ಪಕ್ಕಕ್ಕಿಡಬಹುದು. ಮಣಿಕಟ್ಟು, ತೋಳಿನ ಮೇಲ್ಭಾಗ, ಬೆನ್ನುಮೂಳೆ, ತೊಡೆಮೂಳೆಯ ಮೇಲ್ತುದಿ, ಈ ನಾಲ್ಕು ಜಾಗಕ್ಕೆ ನಾನು ಕೆಂಪು ಚುಕ್ಕೆ ಇಟ್ಟೆ.

ಬೆನ್ನುಮೂಳೆಯ ಮುರಿತ ಹಲವರಿಗೆ ಗೊತ್ತೇ ಆಗಿರುವುದಿಲ್ಲ. ಒಂದೊಂದೇ ಮಣಿ ಕುಸಿಯುತ್ತದೆ, ಎತ್ತರ ಇಳಿಯುತ್ತದೆ, ಬೆನ್ನು ಬಾಗುತ್ತದೆ. ಹರೆಯದ ಎತ್ತರಕ್ಕಿಂತ ಸುಮಾರು 4 ಸೆಂಟಿಮೀಟರ್ ಇಳಿದಿದ್ದರೆ ಎಕ್ಸ್‌ರೇ ತೆಗೆಸಿ ನೋಡುವುದು ಒಳ್ಳೆಯದು. ನನ್ನ ದೊಡ್ಡಮ್ಮ "ನನಗೇನೂ ಆಗಿಲ್ಲ ಕಣೇ, ಒಂದು ಮೂಳೆನೂ ಮುರಿದಿಲ್ಲ" ಅಂದರು. ಹಳೇ ಫೋಟೋದಲ್ಲಿ ಅವರು ಅಮ್ಮನಿಗಿಂತ ಒಂದು ಗೇಣು ಎತ್ತರ. ಈಗ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ತಲೆ ಸಮ. ಎಕ್ಸ್‌ರೇಯಲ್ಲಿ ಎರಡು ಮಣಿ ಚಪ್ಪಟೆಯಾಗಿದ್ದವು. ಫೋಟೋಗಳನ್ನು ತೆಗೆದು ನೋಡಿ. ಕೆಲವೊಮ್ಮೆ ಬಾಯಿಗಿಂತ ಫೋಟೋ ಜಾಸ್ತಿ ಮಾತಾಡುತ್ತದೆ.

ಸ್ನಾಯು ಕಾಲಂಗೆ ಪ್ರಶ್ನೆಗಳು ಇನ್ನೂ ಸರಳ. ಕೈ ಊರದೆ ಕುರ್ಚಿಯಿಂದ ಏಳುತ್ತಾರಾ? ಮೆಟ್ಟಿಲು ಹತ್ತುವಾಗ ಕಂಬಿ ಬೇಕಾ? ಮುಚ್ಚಳ ತಿರುಗಿಸಲು ಆಗುತ್ತಾ? ರಸ್ತೆ ದಾಟುವಾಗ ಹಿಂದೆ ಉಳಿಯುತ್ತಾರಾ? ಕಳೆದ ವರ್ಷ ಎಷ್ಟು ಸಲ ಬಿದ್ದರು? ಇದು ಯಾವ ವಯಸ್ಸಿನಲ್ಲಿ ಶುರುವಾಯಿತು? ತೀರಿಹೋದವರ ಬಗ್ಗೆ ಕೇಳುವಾಗಲೂ ಇದೇ ಪ್ರಶ್ನೆಗಳು ಸಾಕು. "ಅಜ್ಜಿಗೆ ಸಾರ್ಕೊಪೀನಿಯಾ ಇತ್ತಾ" ಎಂದು ಕೇಳಿದರೆ ಯಾರಿಗೂ ಉತ್ತರ ಗೊತ್ತಿರಲ್ಲ. ವಯಸ್ಸಾದಂತೆ ಸ್ನಾಯು ಕರಗಿ ಬಲ ಕುಂದುವುದಕ್ಕೆ ಇಟ್ಟ ಆ ಪದ ಹುಟ್ಟಿದ್ದೇ 1989ರಲ್ಲಿ. "ಅಜ್ಜಿ ನೆಲದಿಂದ ಒಬ್ಬರೇ ಏಳುತ್ತಿದ್ದರಾ" ಎಂದರೆ ಎಲ್ಲರ ಬಳಿಯೂ ಒಂದು ನೆನಪು ಇದೆ.

ಆಮೇಲೆ ಮೂರನೇ ಕಾಲಂ ಬೇಕೇ ಬೇಕು ಎಂದು ಗೊತ್ತಾಯಿತು. ಅದಕ್ಕೆ "ಬೇರೆ ಕಾರಣ" ಎಂದು ಹೆಸರಿಟ್ಟೆ. ನನ್ನ ಚಿಕ್ಕಮ್ಮನಿಗೆ 56ರಲ್ಲೇ ಮಣಿಕಟ್ಟು ಮುರಿದಿತ್ತು. ಕೆಂಪು ಚುಕ್ಕೆ ಇಟ್ಟು ಮುಗಿಸಿದ್ದೆ. ಅವರು ಉಸಿರಾಟದ ತೊಂದರೆಗೆ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದರು ಎಂದು ನನಗೆ ಹೊಳೆಯಲೇ ಇಲ್ಲ. ಸ್ಟೀರಾಯ್ಡ್ ಮೂಳೆಯನ್ನೂ ತಿನ್ನುತ್ತದೆ, ತೊಡೆಯ ಸ್ನಾಯುವನ್ನೂ ತಿನ್ನುತ್ತದೆ. ಜೀನ್‌ನಂತೆ ಕಾಣುತ್ತದೆ, ಜೀನ್ ಅಲ್ಲ. ಥೈರಾಯ್ಡ್ ಜಾಸ್ತಿ ಇರುವುದು, ಸಿಗರೇಟು, ಜಾಸ್ತಿ ಕುಡಿತ, ತುಂಬಾ ಕಡಿಮೆ ತೂಕ, 45ಕ್ಕಿಂತ ಮೊದಲೇ ಮುಟ್ಟು ನಿಂತದ್ದು, ಆಪರೇಷನ್‌ನಲ್ಲಿ ಅಂಡಾಶಯ ತೆಗೆದದ್ದು, ತಿಂಗಳುಗಟ್ಟಲೆ ಹಾಸಿಗೆ ಹಿಡಿದದ್ದು, ಎಲ್ಲವೂ ಈ ಕಾಲಂಗೆ. ಚಿಕ್ಕಮ್ಮನ ಕೆಂಪು ಚುಕ್ಕೆಯ ಸುತ್ತ ಈಗ ಪೆನ್ಸಿಲಿನ ಒಂದು ವೃತ್ತ ಇದೆ. ಅಳಿಸಿಲ್ಲ. ಸ್ಟೀರಾಯ್ಡ್ ತಿಂದ ಎಲ್ಲರಿಗೂ ಮುರಿಯುವುದಿಲ್ಲ, ಅಲ್ವಾ?

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಮೂರು ವಾರ ಅಮ್ಮನ ಕಡೆಯವರನ್ನು ಮಾತ್ರ ಕೇಳಿದೆ. ಇದು ಹೆಂಗಸರ ಕಾಯಿಲೆ, ಅಮ್ಮನಿಂದ ಮಗಳಿಗೆ ಬರುತ್ತದೆ ಎಂದು ತಲೆಯಲ್ಲಿ ಕೂತಿತ್ತು. ಜೀನ್ ಇಬ್ಬರಿಂದಲೂ ಅರ್ಧರ್ಧ ಬರುತ್ತದೆ. ಅಪ್ಪನ ಕಡೆ ಕೇಳಿದರೆ ಅಜ್ಜ, ಅಂದರೆ ಅಪ್ಪನ ಅಪ್ಪ, ಸೊಂಟ ಮುರಿದೇ ಕೊನೆಯ ವರ್ಷ ಕಳೆದಿದ್ದರು. ಅದನ್ನು ಮನೆಯಲ್ಲಿ "ಬಿದ್ದು ಹಾಸಿಗೆ ಹಿಡಿದರು" ಎಂದಷ್ಟೇ ಹೇಳುತ್ತಿದ್ದರು.

ತೂಕ ಹಾಕುವ ಲೆಕ್ಕ ಹೀಗೆ: ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು ನಿಮ್ಮ ಜೊತೆ ಸುಮಾರು ಅರ್ಧ ಜೀನ್ ಹಂಚಿಕೊಂಡವರು. ಅಜ್ಜ ಅಜ್ಜಿ, ಚಿಕ್ಕಮ್ಮ, ಸೋದರಮಾವ ಕಾಲು ಭಾಗ. ಅವರ ಮಕ್ಕಳು ಎಂಟನೇ ಒಂದು. ದೂರದ ಸಂಬಂಧಿಕರನ್ನು ಫೋನಿನಲ್ಲಿ ಕಾಡಬೇಡಿ. ಎಂಟನೇ ಒಂದರ ಆಚೆ ನಾನು ನಿಲ್ಲಿಸಿದೆ.

ಯಾವಾಗ ನೇರವಾಗಿ ಜೆನೆಟಿಕ್ಸ್ ತಜ್ಞರ ಬಳಿ ಹೋಗಬೇಕು

ಹೆಚ್ಚಿನ ಮನೆಗಳಲ್ಲಿ ನೂರಾರು ಜೀನ್‌ಗಳ ಸಣ್ಣ ಸಣ್ಣ ಪಾಲು ಸೇರಿ ಮೂಳೆ ತೆಳ್ಳಗೆ ಅಥವಾ ದಪ್ಪ ಆಗಿರುತ್ತದೆ. ಕೆಲವು ಕಡೆ ಮಾತ್ರ ಒಂದೇ ಜೀನ್ ಎಲ್ಲವನ್ನೂ ಕೆಡಿಸಿರುತ್ತದೆ. ಪಟ್ಟಿಯಲ್ಲಿ ಇಂಥದ್ದು ಕಂಡರೆ ಕಾಯಬೇಡಿ.

ಚಿಕ್ಕ ವಯಸ್ಸಿನಿಂದ ಮತ್ತೆ ಮತ್ತೆ ಮೂಳೆ ಮುರಿತ, ಕಣ್ಣಿನ ಬಿಳಿಯಲ್ಲಿ ನೀಲಿ ಛಾಯೆ, ಹರೆಯದಲ್ಲೇ ಕಿವಿ ಮಂದವಾಗುವುದು: ಇವು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಕಾಯಿಲೆಯ ಗುರುತುಗಳು. ಮೂಳೆಗೆ ಹಂದರವಾಗುವ ಕೊಲಾಜನ್ ಎಂಬ ಪ್ರೊಟೀನ್ ಕಟ್ಟುವ ಜೀನ್‌ನಲ್ಲಿ ದೋಷ. ಮಗುವಿನ ಹಾಲು ಹಲ್ಲು 5 ವರ್ಷಕ್ಕೆ ಮೊದಲೇ ಬೇರು ಸಮೇತ ಉದುರುವುದು, ರಕ್ತಪರೀಕ್ಷೆಯಲ್ಲಿ ಆಲ್ಕಲೈನ್ ಫಾಸ್ಫಟೇಸ್ ಸದಾ ಕಡಿಮೆ ಇರುವುದು: ಇದು ಹೈಪೊಫಾಸ್ಫಟೇಸಿಯಾ ಎಂಬ ಕಾಯಿಲೆ ಇರಬಹುದು. ಇದರಲ್ಲಿ ಮೂಳೆಯ ಜೊತೆ ಸ್ನಾಯುವಿನ ಬಲವೂ ಕುಂದುತ್ತದೆ. ರಿಪೋರ್ಟಿನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಇದ್ದರೆ ಎಲ್ಲರೂ ಗಮನಿಸುತ್ತಾರೆ, ಕಡಿಮೆ ಇದ್ದರೆ ಯಾರೂ ನೋಡುವುದಿಲ್ಲ. ನಿಮ್ಮ ಹಳೆಯ ರಿಪೋರ್ಟುಗಳನ್ನು ಒಮ್ಮೆ ತಿರುವಿ ನೋಡಿ. ಬಿಲ್ಲಿನಂತೆ ಬಾಗಿದ ಕಾಲು, ಗಿಡ್ಡ ಮೈಕಟ್ಟು, ರಕ್ತದಲ್ಲಿ ಫಾಸ್ಫೇಟ್ ಕಡಿಮೆ, ತಲೆಮಾರಿನಿಂದ ತಲೆಮಾರಿಗೆ: ಇದು ಎಕ್ಸ್ ಕ್ರೋಮೋಸೋಮ್‌ನಲ್ಲಿ ಬರುವ ರಿಕೆಟ್ಸ್, ಅಂದರೆ ಮೂಳೆ ಮೆದುವಾಗುವ ಕಾಯಿಲೆ, ಇರಬಹುದು. ಮಾಮೂಲಿ ವಿಟಮಿನ್ ಡಿ ಕೊಟ್ಟರೆ ಅದು ವಾಸಿಯಾಗುವುದಿಲ್ಲ. ಅಪ್ಪ ಅಮ್ಮ ರಕ್ತಸಂಬಂಧಿಗಳಾಗಿದ್ದರೆ ಅದನ್ನೂ ಬರೆಯಿರಿ. ಎರಡೂ ಕಡೆಯಿಂದ ಒಂದೇ ದೋಷ ಬಂದು ಸೇರುವ ಸಾಧ್ಯತೆ ಅಲ್ಲಿ ಜಾಸ್ತಿ.

ಉಲ್ಟಾ ಕೂಡ ಇದೆ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ ಡಚ್ ಮೂಲದ ಆಫ್ರಿಕಾನರ್ ಕುಟುಂಬಗಳಲ್ಲಿ ಮೂಳೆ ವಿಪರೀತ ಬೆಳೆಯುವ ಸ್ಕ್ಲೆರೋಸ್ಟಿಯೋಸಿಸ್ ಎಂಬ ಕಾಯಿಲೆ ಇದೆ. ಸಾಸ್ಟ್ ಎಂಬ ಜೀನ್ ಕೆಲಸ ಮಾಡದೆ ಹೋಗುವುದೇ ಅದಕ್ಕೆ ಕಾರಣ ಎಂದು 2001ರಲ್ಲಿ ತಿಳಿಯಿತು. ಆ ಜೀನ್ ತಯಾರಿಸುವ ಸ್ಕ್ಲೆರೋಸ್ಟಿನ್ ಮೂಳೆ ಕಟ್ಟುವುದಕ್ಕೆ ಬ್ರೇಕ್. ಬ್ರೇಕನ್ನು ಔಷಧಿಯಿಂದ ಸಡಿಲಿಸಿದರೆ ಹೇಗೆ ಎಂಬ ಯೋಚನೆಯಿಂದ ರೋಮೋಸೊಝುಮ್ಯಾಬ್ ಬಂತು. ಅಮೆರಿಕದಲ್ಲಿ 2019ರಲ್ಲಿ ಒಪ್ಪಿಗೆ ಸಿಕ್ಕಿತು. ತಿಂಗಳಿಗೊಮ್ಮೆ ಇಂಜೆಕ್ಷನ್, ಒಟ್ಟು 12 ತಿಂಗಳು. ಹಿಂದಿನ ಒಂದು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡಬಾರದು ಎಂಬ ಎಚ್ಚರಿಕೆಯೂ ಅದರ ಮೇಲಿದೆ. ಸ್ನಾಯುವಿಗೆ ಬೇಕಾದ ಎಂಇಎಫ್‌2ಸಿ ಎಂಬ ಜೀನ್ ಮೂಳೆಯೊಳಗೆ ಕೂತು ಇದೇ ಸಾಸ್ಟ್ ಅನ್ನು ನಿಯಂತ್ರಿಸುತ್ತದೆ. ಎರಡು ಕಾಲಂ ಎಳೆದರೂ ಅವು ನನ್ನ ಗೆರೆ ದಾಟುತ್ತಲೇ ಇರುತ್ತವೆ.

ಎಂಜಲು ಕಳಿಸುವ ಜೀನ್ ಟೆಸ್ಟ್ ಬೇಕಾ?

ನನ್ನ ತಮ್ಮ ಮಾಡಿಸಿದ. ಒಂದು ಕೊಳವೆಯಲ್ಲಿ ಉಗಿದು ಕಳಿಸಿದ. ಬಣ್ಣಬಣ್ಣದ ರಿಪೋರ್ಟ್ ಬಂತು. "ವಿಡಿಆರ್ ಜೀನ್: ಮೂಳೆ ದುರ್ಬಲವಾಗುವ ಅಪಾಯ ಹೆಚ್ಚು" ಎಂದಿತ್ತು. ಅವನ ಮುಖ ಸಪ್ಪಗಾಯಿತು.

ವಿಡಿಆರ್ ಅಂದರೆ ವಿಟಮಿನ್ ಡಿ ಹಿಡಿದುಕೊಳ್ಳುವ ಪ್ರೊಟೀನಿನ ಜೀನ್. 1994ರಲ್ಲಿ ಈ ಒಂದೇ ಜೀನ್‌ನಿಂದ ಮೂಳೆ ಸಾಂದ್ರತೆ ಊಹಿಸಬಹುದು ಎಂದು ದೊಡ್ಡ ಸುದ್ದಿಯಾಗಿತ್ತು. 1997ರಲ್ಲಿ ಅದೇ ತಂಡ ತಿದ್ದುಪಡಿ ಹಾಕಿತು. 2006ರಲ್ಲಿ ಹಲವು ದೇಶಗಳ ದತ್ತಾಂಶ ಸೇರಿಸಿ ನೋಡಿದಾಗ, ಇಂಥ ಟೆಸ್ಟ್‌ಗಳು ಸಾಮಾನ್ಯವಾಗಿ ನೋಡುವ ವಿಡಿಆರ್ ವ್ಯತ್ಯಾಸಗಳಿಗೂ ಮೂಳೆ ಸಾಂದ್ರತೆಗೂ ಸಂಬಂಧ ಸಿಗಲಿಲ್ಲ. ರಿಪೋರ್ಟ್‌ಗಳಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಅದೇ ರಿಪೋರ್ಟ್‌ನಲ್ಲಿ ಎಸಿಟಿಎನ್3 ಕೂಡ ಇತ್ತು. "ವೇಗದ ಜೀನ್" ಎಂದು ಹೆಸರುವಾಸಿ. ಪ್ರಪಂಚದಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಇದರ ಪ್ರೊಟೀನ್ ತಯಾರಾಗುವುದೇ ಇಲ್ಲ. ಅವರು ಆರೋಗ್ಯವಾಗಿಯೇ ಇರುತ್ತಾರೆ. ಓಟದ ವೇಗದಲ್ಲಿ ಮಾತ್ರ ಸ್ವಲ್ಪ ಹಿಂದೆ. ಇದನ್ನು ತೆಗೆದ ಇಲಿಗಳಲ್ಲಿ ಮೂಳೆ ಸಾಂದ್ರತೆಯೂ ಕಡಿಮೆ ಕಂಡಿತ್ತು. ವಿಷಯ ಕುತೂಹಲದ್ದು, ಸರಿ. ಆದರೆ ಅದರಿಂದ ತಮ್ಮ ಬೆಳಿಗ್ಗೆ ಎದ್ದು ಮಾಡಬೇಕಾದದ್ದು ಏನೂ ಬದಲಾಗುವುದಿಲ್ಲ.

2019ರಲ್ಲಿ ಬ್ರಿಟನ್ನಿನ ಸುಮಾರು 4 ಲಕ್ಷದ 26 ಸಾವಿರ ಜನರ ಜೀನ್ ನೋಡಿದ ಅಧ್ಯಯನದಲ್ಲಿ ಹಿಮ್ಮಡಿಯ ಮೂಳೆ ಸಾಂದ್ರತೆಗೆ ಸಂಬಂಧಪಟ್ಟ 518 ಜಾಗಗಳು ಸಿಕ್ಕವು. ಎಲ್ಲ ಸೇರಿಸಿದರೂ ವಿವರಿಸಲು ಆದದ್ದು ವ್ಯತ್ಯಾಸದ ಸುಮಾರು ಐದನೇ ಒಂದು ಭಾಗ. ಹಾಗಿರುವಾಗ ನಾಲ್ಕು ಜೀನ್ ನೋಡಿ ಭವಿಷ್ಯ ಹೇಳುವುದು ಎಷ್ಟು ಸರಿ? ಮೇಲೆ ಹೇಳಿದ ಒಂದೇ ಜೀನ್‌ನ ಕಾಯಿಲೆಗಳ ಅನುಮಾನ ಇದ್ದರೆ ಡಾಕ್ಟರ್ ಹೇಳಿದ ಟೆಸ್ಟ್ ಮಾಡಿಸಿ. ಉಳಿದವರಿಗೆ ನೋಟ್‌ಬುಕ್ ಸಾಕು. ಅಜ್ಜಿಯ ಬೆನ್ನು ಬಾಗಿದ್ದು ಆ ಎಲ್ಲ ಜೀನ್‌ಗಳೂ ಬೇರೆ ಕಾರಣಗಳೂ ಸೇರಿ ಬಂದ ಮೊತ್ತ. ಬಿಡಿ ಬಿಡಿ ಸಾಲುಗಳಿಗಿಂತ ಮೊತ್ತ ನೋಡುವುದು ನನ್ನಂಥವರ ಅಭ್ಯಾಸ.

ನಿಮ್ಮ ಸಾಲು ತುಂಬುವುದು

ಇಲ್ಲಿಯವರೆಗೆ ಬೇರೆಯವರದು. ಈಗ ನಿಮ್ಮದೇ ಅಳತೆ. ಸ್ನಾಯುವಿನ ಅಳತೆ ಮನೆಯಲ್ಲೇ ಆಗುತ್ತದೆ. ಕೈ ಇಲ್ಲದ, ಅಲ್ಲಾಡದ ಕುರ್ಚಿಯನ್ನು ಗೋಡೆಗೆ ತಾಗಿಸಿ ಇಡಿ. ತೋಳನ್ನು ಎದೆಯ ಮೇಲೆ ಕಟ್ಟಿ. ಪೂರ್ತಿ ಎದ್ದು ನಿಲ್ಲಿ, ಪೂರ್ತಿ ಕೂರಿ. ಐದು ಸಲ, ಆದಷ್ಟು ಬೇಗ. ಪಕ್ಕದಲ್ಲಿ ಒಬ್ಬರು ಗಡಿಯಾರ ಹಿಡಿದು ನಿಂತಿರಲಿ, ವಯಸ್ಸಾದವರಾದರೆ ಹಿಡಿಯಲು ಇನ್ನೊಬ್ಬರು. ಯುರೋಪಿನ ತಜ್ಞರ 2019ರ ಗಡಿ 15 ಸೆಕೆಂಡ್. ಅದಕ್ಕಿಂತ ಜಾಸ್ತಿ ಹಿಡಿದರೆ ಸ್ನಾಯುಬಲ ಕಡಿಮೆ ಎಂಬ ಅನುಮಾನ. ಏಷ್ಯಾದ ತಜ್ಞರ 2019ರ ಗಡಿ ಇನ್ನೂ ಬಿಗಿ, 12 ಸೆಕೆಂಡ್. ನನ್ನದು ಮೊದಲ ಸಲ 13.4 ಬಂತು. ವಯಸ್ಸು 49! ಸುಳ್ಳು ಗಡಿಯಾರ ಎಂದು ಇನ್ನೊಂದು ಸಲ ಮಾಡಿದೆ, 13.9.

ಕೈಹಿಡಿತ ಅಳೆಯುವ ಉಪಕರಣ ಫಿಸಿಯೋಥೆರಪಿಸ್ಟ್ ಬಳಿ ಇರುತ್ತದೆ. ಗಂಡಸರಿಗೆ 27 ಅಥವಾ 28 ಕಿಲೋ, ಹೆಂಗಸರಿಗೆ 16 ಅಥವಾ 18 ಕಿಲೋ, ಇದಕ್ಕಿಂತ ಕಡಿಮೆ ಇದ್ದರೆ ಗಮನ ಕೊಡಬೇಕು. ಮೊದಲ ಅಂಕಿ ಯುರೋಪಿನದು, ಎರಡನೆಯದು ಏಷ್ಯಾದ್ದು.

ಮೂಳೆಗೆ ಡೆಕ್ಸಾ ಸ್ಕ್ಯಾನ್ ಬೇಕು, ಅಂದರೆ ಎಕ್ಸ್‌ರೇಯಿಂದ ಮೂಳೆ ಸಾಂದ್ರತೆ ಅಳೆಯುವುದು. ಹಿಮ್ಮಡಿಯನ್ನು ಯಂತ್ರದಲ್ಲಿಟ್ಟು ನೋಡುವುದು ಅದಲ್ಲ. ಮಲಗಿಸಿ ಬೆನ್ನು ಮತ್ತು ಸೊಂಟ ನೋಡುತ್ತಾರೆ. ಹರೆಯದ ಆರೋಗ್ಯವಂತರ ಮೂಳೆಗೆ ಹೋಲಿಸಿ ಕೊಡುವ ಅಂಕ ಟಿ ಸ್ಕೋರ್. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಮೈನಸ್ 1ರಿಂದ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ ಎಂದರ್ಥ. ಮುಟ್ಟು ನಿಲ್ಲದ ಹೆಂಗಸರಿಗೆ, 50 ದಾಟದ ಗಂಡಸರಿಗೆ ಅದೇ ವಯಸ್ಸಿನವರಿಗೆ ಹೋಲಿಸಿದ ಝಡ್ ಸ್ಕೋರ್ ನೋಡಬೇಕು. ಇಡೀ ಮೈಯ ಡೆಕ್ಸಾ ಮಾಡಿಸಿದರೆ ಸ್ನಾಯುವಿನ ತೂಕವೂ ಸಿಗುತ್ತದೆ.

ಫ್ರಾಕ್ಸ್ ಎಂಬ ಲೆಕ್ಕ ಇದೆ. ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ್ದು, 2008ರಲ್ಲಿ ಬಂದದ್ದು. ಮುಂದಿನ 10 ವರ್ಷದಲ್ಲಿ ಮುರಿಯುವ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ. 40ರಿಂದ 90 ವಯಸ್ಸಿನವರಿಗೆ. ಅದರಲ್ಲಿ "ಅಪ್ಪ ಅಥವಾ ಅಮ್ಮನಿಗೆ ಸೊಂಟ ಮುರಿದಿತ್ತೇ" ಎಂಬ ಪ್ರಶ್ನೆ ಇದೆ. ಪಟ್ಟಿ ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ. ಆದರೆ ಅದರ ಮೂಲ ಪ್ರಶ್ನೆಗಳಲ್ಲಿ ಬೀಳುವುದರ ಬಗ್ಗೆ ಒಂದು ಮಾತಿಲ್ಲ, ಸ್ನಾಯುಬಲದ ಬಗ್ಗೆಯೂ ಇಲ್ಲ. ಹಾಗಾಗಿ ಡಾಕ್ಟರ್ ಬಳಿ ಹೋದಾಗ ಬಲಗಡೆಯ ಕಾಲಂ ನೀವೇ ಬಾಯಿಬಿಟ್ಟು ಹೇಳಬೇಕು. ನಾನು ಪುಟದ ಫೋಟೋ ತೆಗೆದು ಪ್ರಿಂಟ್ ಮಾಡಿಸಿ ಕೊಟ್ಟೆ. ಮೊದಲು ಹೋಗಿದ್ದ ಕಡೆ ಡಾಕ್ಟರ್ ನೋಡದೆ ಬದಿಗಿಟ್ಟರು. ಎರಡನೆಯವರು ಬೆರಳಿಟ್ಟು ಒಂದೊಂದು ಸಾಲೂ ಓದಿದರು.

ಎಳೆತ ಬದಲಿಸುವುದು

ನಡಿಗೆ ಒಳ್ಳೆಯದೇ. ಆದರೆ ನಡಿಗೆಯೊಂದರಿಂದ ಮೂಳೆ ಜಾಸ್ತಿ ಗಟ್ಟಿಯಾಗುವುದಿಲ್ಲ. ದಿನಾ ಕಾಣುವ ಭಾರಕ್ಕೆ ಮೂಳೆ ಒಗ್ಗಿಹೋಗಿರುತ್ತದೆ, ಹೊಸ ಭಾರ ಬೇಕು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ ಬಂದ ಲಿಫ್ಟ್‌ಮೋರ್ ಅಧ್ಯಯನದಲ್ಲಿ ಮುಟ್ಟು ನಿಂತ, ಮೂಳೆ ಸಾಂದ್ರತೆ ಕಡಿಮೆ ಇರುವ 101 ಹೆಂಗಸರಿದ್ದರು. ಒಂದು ಗುಂಪು ವಾರಕ್ಕೆ ಎರಡು ಸಲ, 30 ನಿಮಿಷ, ತರಬೇತುದಾರರ ಕಣ್ಣೆದುರು ಭಾರ ಎತ್ತಿತು. ಎತ್ತಲಾಗುವ ಗರಿಷ್ಠ ತೂಕದ 85 ಪರ್ಸೆಂಟ್‌ಗಿಂತ ಜಾಸ್ತಿ. ಜೊತೆಗೆ ಜಿಗಿದು ಇಳಿಯುವ ವ್ಯಾಯಾಮ. 8 ತಿಂಗಳಾದ ಮೇಲೆ ಇವರ ಬೆನ್ನುಮೂಳೆಯ ಸಾಂದ್ರತೆ 2.9 ಪರ್ಸೆಂಟ್ ಏರಿತ್ತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನದು 1.2 ಪರ್ಸೆಂಟ್ ಇಳಿದಿತ್ತು. ಇದನ್ನು ಓದಿ ನಾಳೆಯೇ ಒಬ್ಬರೇ ಭಾರ ಎತ್ತಲು ಹೋಗಬೇಡಿ. "ಕಣ್ಣೆದುರು" ಎಂಬ ಮಾತನ್ನು ಇನ್ನೊಮ್ಮೆ ಓದಿ. ಬೆನ್ನುಮೂಳೆಯ ಮಣಿ ಕುಸಿದವರು ಭಾರ ಹಿಡಿದು ಮುಂದಕ್ಕೆ ಬಾಗುವುದು ಅಪಾಯ. ದೊಡ್ಡಮ್ಮನಿಗೆ ಫಿಸಿಯೋಥೆರಪಿಸ್ಟ್ ಬೇರೆಯದೇ ಪಟ್ಟಿ ಕೊಟ್ಟಿದ್ದಾರೆ.

ವಯಸ್ಸಾಯಿತು ಎಂಬ ನೆವ ನಡೆಯಲ್ಲ. 1990ರಲ್ಲಿ ಅಮೆರಿಕದ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವಯಸ್ಸಿನವರಿಗೆ ತೊಡೆಯ ಸ್ನಾಯುವಿಗೆ ಭಾರದ ತರಬೇತಿ ಕೊಟ್ಟರು. 8 ವಾರ ಮುಗಿಸಿದವರ ಬಲ ಸರಾಸರಿ 174 ಪರ್ಸೆಂಟ್ ಏರಿತ್ತು. ಎರಡೂವರೆ ಪಟ್ಟಿಗಿಂತ ಜಾಸ್ತಿ. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಅವರಿಗೆ ಬೇರೆ ಕೆಲಸ ಇರಲಿಲ್ಲವೇನೋ" ಅಂದರು. ಆದರೂ ಮಾರನೇ ದಿನದಿಂದ ಶುರುಮಾಡಿದರು.

ಅಮ್ಮನ ಕ್ರಮ ಹೀಗೆ: ಮೊದಲು ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿದೆವು. ಅಲ್ಲಿಂದ ಕೈ ಊರದೆ ಐದು ಸಲ ಏಳುವುದು. ಅದು ಸಲೀಸಾದ ಮೇಲೆ ಒಂದು ದಿಂಬು ತೆಗೆದೆವು. ಆಮೇಲೆ ಇನ್ನೊಂದು. ಎರಡನೇ ದಿಂಬು ತೆಗೆಯಲು ಹನ್ನೊಂದು ವಾರ ಹಿಡಿಯಿತು. ಜೊತೆಗೆ ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮೇಜಿನ ಅಂಚು ಹಿಡಿದು ಒಂದು ಕಾಲಿನಲ್ಲಿ ನಿಲ್ಲುವುದು. ಪ್ರೊಟೀನ್ ಲೆಕ್ಕವನ್ನೂ ಡಾಕ್ಟರ್ ಹೇಳಿದರು. ವಯಸ್ಸಾದವರಿಗೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 1ರಿಂದ 1.2 ಗ್ರಾಂ. ಕಿಡ್ನಿ ತೊಂದರೆ ಇದ್ದವರು ಕೇಳಿಯೇ ತೆಗೆದುಕೊಳ್ಳಬೇಕು. ವಿಟಮಿನ್ ಡಿ, ಕ್ಯಾಲ್ಸಿಯಂ ಅವರವರ ರಕ್ತಪರೀಕ್ಷೆ ನೋಡಿ. ಮೂಳೆಯ ಔಷಧಿಯೂ ನಡೆಯುತ್ತಿದೆ. ವ್ಯಾಯಾಮ ಶುರುವಾಯಿತೆಂದು ಔಷಧಿ ಬಿಡುವ ಮಾತೇ ಇಲ್ಲ.

ಅಮ್ಮನಿಗೆ ಈಗ 74. ಮೂರು ತಿಂಗಳಿಗೊಮ್ಮೆ ಎಲ್ಲರ ಸೆಕೆಂಡ್ ಬರೆಯುತ್ತೇನೆ. ಅಮ್ಮನದು ಕಳೆದ ಸಲ 16.5. ಗಡಿಯ ಆಚೆಗೇ ಇದ್ದಾರೆ, ಆದರೆ ಮೊದಲು ಬರೆಯಲು ಸಂಖ್ಯೆಯೇ ಇರಲಿಲ್ಲ. ನನ್ನದು 10.8. ತಮ್ಮನದು 8.1, ಅದನ್ನು ಅವನೇ ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ. ಅವನ ಡೆಕ್ಸಾ ಮಾತ್ರ ನನ್ನದಕ್ಕಿಂತ ಕೆಳಗೆ.

ಕೊನೆಯ ಸಾಲು ಮಗಳದು. 30ರ ಆಸುಪಾಸಿಗೆ ಮೂಳೆ ತನ್ನ ಗರಿಷ್ಠ ಮುಟ್ಟಿಬಿಡುತ್ತದೆ. ಆಮೇಲೆ ಇರುವುದನ್ನು ಕಾಪಾಡಿಕೊಳ್ಳುವ ಕೆಲಸ. ಅವಳಿಗೆ ಈಗ 14. ಜಿಗಿಯುವ, ಓಡುವ ಆಟ ಅವಳಿಗೆ ಬೇಕಾದಷ್ಟಿದೆ, ನಾನು ಏನೂ ಹೇಳಬೇಕಾಗಿಲ್ಲ. ಮೂಳೆ ಕಾಲಂನಲ್ಲಿ ಸದ್ಯಕ್ಕೆ ಒಂದೇ ನಮೂದು: "11ನೇ ವಯಸ್ಸು, ಎಡ ಮಣಿಕಟ್ಟು." ಅದರ ಕೆಳಗೆ ಅವಳದೇ ಕೈಬರಹ: "ಮರದ ಮೇಲಿಂದ ಬಿದ್ದಿದ್ದು. ಲೆಕ್ಕಕ್ಕಿಲ್ಲ."